ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಗೆ ವೆಬ್‌ಸೈಟ್: ವರ್ಡ್‌ಪ್ರೆಸ್, ವಿಕ್ಸ್, ಶಾಪಿಫೈ, ಯಾವುದು ಸರಿ?

ವ್ಯಾಪಾರಿಯೊಬ್ಬರಿಗೆ ಸೈಟ್ ಮಾಡಿಕೊಡಲು ಹೊರಟಿದ್ದೀರಾ? ವರ್ಡ್‌ಪ್ರೆಸ್, ವಿಕ್ಸ್, ಶಾಪಿಫೈ ಮೂರೂ ಸೈಟ್ ಕಟ್ಟುವ ಸಾಧನಗಳೇ. ಮೊದಲು ನಿಮ್ಮ ಗಿರಾಕಿಯನ್ನೇ, ಅಂದರೆ ಆ ವ್ಯಾಪಾರಿಯನ್ನೇ ಕೇಳಿ: ಸೈಟ್‌ನಲ್ಲೇ ದುಡ್ಡು ಕಟ್ಟಿಸಿಕೊಂಡು ಮಾರುತ್ತಾರಾ, ಇಲ್ಲ ಫೋಟೊ, ಫೋನ್ ನಂಬರ್ ಇದ್ದರೆ ಸಾಕಾ?

ಬರೀ ಪರಿಚಯಕ್ಕಾದರೆ ವಿಕ್ಸ್‌ನಲ್ಲಿ ಬೇಗ ಮುಗಿಯುತ್ತದೆ. ಆದರೆ ಅಲ್ಲಿ ಕಟ್ಟಿದ ಸೈಟನ್ನು ಹಾಗೇ ಎತ್ತಿ ಬೇರೆ ಹೋಸ್ಟಿಂಗ್‌ಗೆ (ಸೈಟ್ ಇಡುವ ಸರ್ವರ್ ಜಾಗಕ್ಕೆ) ಒಯ್ಯಲು ಆಗಲ್ಲ. ಅದಕ್ಕೇ ನನ್ನ ಒಲವು ವರ್ಡ್‌ಪ್ರೆಸ್ ಕಡೆ. 2003ರಿಂದ ಇರುವ ಉಚಿತ ಸಾಫ್ಟ್‌ವೇರ್ ಅದು. ಹೋಸ್ಟಿಂಗ್, ಡೊಮೇನ್‌ಗೆ (ಸೈಟ್‌ನ ವಿಳಾಸಕ್ಕೆ) ಖರ್ಚು ಇದ್ದೇ ಇದೆ. ಮುಂದೆ ಮಾರಾಟ ಶುರುವಾದರೆ ವೂಕಾಮರ್ಸ್ ಪ್ಲಗಿನ್ (ವರ್ಡ್‌ಪ್ರೆಸ್‌ಗೆ ಅಂಗಡಿ ಸೌಲಭ್ಯ ಸೇರಿಸುವ ಸಾಫ್ಟ್‌ವೇರ್) ಹಾಕಿ. ಬ್ಯಾಡಗಿ ಮೆಣಸಿನಕಾಯಿಯ ಕಡ್ಡಿ, ಡಬ್ಬಿ ಎರಡು ಬಗೆಯನ್ನೂ ಬೇರೆ ಬೇರೆ ತೋರಿಸಿ, ಕಾಲು ಕಿಲೊ, ಒಂದು ಕಿಲೊ ಅಂತ ದರ ಬರೆಯಬಹುದು. ಅಪ್‌ಡೇಟ್, ಬ್ಯಾಕಪ್ ಮಾತ್ರ ಯಾರಾದರೂ ನೋಡಿಕೊಳ್ಳಲೇಬೇಕು. ಅಂಥವರು ಇಲ್ಲದಿದ್ದರೆ ಶಾಪಿಫೈ ಒಳ್ಳೆಯದು, ಸಾಫ್ಟ್‌ವೇರ್ ಅಪ್‌ಡೇಟ್ ಅವರೇ ನೋಡಿಕೊಳ್ಳುತ್ತಾರೆ, ತಿಂಗಳ ಬಾಡಿಗೆ ಕಟ್ಟಬೇಕಾಗುತ್ತದೆ ಅಷ್ಟೇ.

ಯಾವುದೇ ಆಗಲಿ, ಡೊಮೇನ್ ಗಿರಾಕಿಯ ಹೆಸರಲ್ಲೇ ಕೊಳ್ಳಿ.