ಬಿಸಿಲು ಸ್ವಲ್ಪ ಜಾಸ್ತಿಯಾದರೆ ಊಟಕ್ಕೆ ಕುತ್ತು ಬರುತ್ತದೆಯೇ?

"ಎರಡು ಮೂರು ಡಿಗ್ರಿ ಬಿಸಿ ಏರಿದರೆ ಊಟಕ್ಕೇನು ಕುತ್ತು, ಒಂದೆರಡು ನೀರು ಜಾಸ್ತಿ ಹಾಯಿಸಿದರೆ ಆಗಲ್ವಾ" ಅಂತ ಕೇಳಿದ್ದೀರಿ. 2022ರ ಮಾರ್ಚ್ ತಿಂಗಳನ್ನೇ ನೋಡಿ.

ಪಂಜಾಬ್, ಹರಿಯಾಣದಲ್ಲಿ ಗೋಧಿ ತೆನೆ ಹಾಲುಗಾಳು ಆಗಿದ್ದ ಹೊತ್ತು. ಉಗುರಲ್ಲಿ ಒತ್ತಿದರೆ ಬಿಳಿ ಹಾಲು ಬರಬೇಕು, ಆಮೇಲೆ ನಿಧಾನಕ್ಕೆ ಗಟ್ಟಿಯಾಗಬೇಕು. ಆದರೆ ದೇಶದಲ್ಲಿ 1901ರಿಂದೀಚೆಗೆ ಅಷ್ಟು ಬಿಸಿಯ ಮಾರ್ಚ್ ಬಂದೇ ಇರಲಿಲ್ಲ. ಸೆಕೆಗೆ ಗಿಡ ಅವಸರದಲ್ಲಿ ಹಣ್ಣಾಯಿತು, ಕಾಳು ತುಂಬಲೇ ಇಲ್ಲ. ನೀರು ಕೊಟ್ಟವರ ಹೊಲದಲ್ಲೂ ಕಾಳು ಸುಕ್ಕುಗಟ್ಟಿತು. ಸರ್ಕಾರಿ ಖರೀದಿಯಲ್ಲಿ ಸುಕ್ಕುಗಾಳು ನೂರಕ್ಕೆ 6ರಷ್ಟು ಮಾತ್ರ ಇರಬಹುದು ಅನ್ನೋ ನಿಯಮವಿತ್ತು. ಆ ವರ್ಷ 18ರವರೆಗೆ ಸಡಿಲಿಸಬೇಕಾಯಿತು!

ಇನ್ನು ಊಟದ ವಿಷಯ. ಹಿಂದಿನ ವರ್ಷ ಸುಮಾರು 433 ಲಕ್ಷ ಟನ್ ಇದ್ದ ಸರ್ಕಾರಿ ಖರೀದಿ 188 ಲಕ್ಷ ಟನ್ನಿಗೆ ಇಳಿಯಿತು. ಇದೆಲ್ಲ ಬಿಸಿಲಿನದೇ ತಪ್ಪು ಅನ್ನಲಾರೆ. ಉಕ್ರೇನ್ ಯುದ್ಧದಿಂದ ಬೆಲೆ ಏರಿತ್ತು, ವ್ಯಾಪಾರಿಗಳು ಬೆಂಬಲ ಬೆಲೆಗಿಂತ ಜಾಸ್ತಿ ಕೊಟ್ಟರು, ರೈತರು ಅವರಿಗೇ ಮಾರಿದರು. ಮಾರದೆ ಇನ್ನೇನು ಮಾಡ್ತಾರೆ? ಮೇ 13ಕ್ಕೆ ಗೋಧಿ ರಫ್ತು ನಿಂತಿತು. ಕೆಲವು ರಾಜ್ಯಗಳ ರೇಷನ್ ಅಂಗಡಿಯಲ್ಲಿ ಗೋಧಿ ಬದಲು ಅಕ್ಕಿ ಬಂತು.

ಗಮನಿಸಿ, ದೇಶದಲ್ಲಿ ಧಾನ್ಯ ಖಾಲಿಯಾಗಿರಲಿಲ್ಲ. ಹಿಟ್ಟಿನ ಬೆಲೆ ಏರಿತು, ಅಷ್ಟೇ. ದಿನಗೂಲಿಯವರ ಮನೆಯಲ್ಲಿ ಆಗ ಮೊದಲು ಕಡಿಮೆಯಾಗೋದು ರೊಟ್ಟಿಯಲ್ಲ, ಬೇಳೆ, ಹಾಲು, ತರಕಾರಿ.

ಬಿಸಿ ತಡೆಯುವ ತಳಿ, ಬೇಗ ಬಿತ್ತನೆ ಇವೆಲ್ಲ ಇವೆ. ಆದರೆ ಅದೇ ಹೊಲದಲ್ಲಿ ಮೊದಲು ಬೆಳೆದ ಭತ್ತದ ಕಟಾವು ತಡವಾದರೆ ಗೋಧಿ ಬೇಗ ಬಿತ್ತೋದಾದರೂ ಹೇಗೆ?