ವಯಸ್ಸಾದ ಅಪ್ಪ-ಅಮ್ಮನ ಜೊತೆ ಕೊರಿಯಾಗೆ ಹೊರಟಿದ್ದೇವೆ. ಊಟಕ್ಕೆ ಕುಕ್ಕರ್ ಒಯ್ಯೋದಾ, ಇಂಡಿಯನ್ ಹೋಟೆಲ್‌ಗಳನ್ನೇ ನಂಬಿಕೊಳ್ಳೋದಾ?

ಕುಕ್ಕರ್ ಬೇಡ. ಇಂಡಿಯನ್ ಹೋಟೆಲ್‌ಗಳ ಪಟ್ಟಿಯೂ ಬೇಡ. ಸಸ್ಯಾಹಾರಿ ಅಪ್ಪ-ಅಮ್ಮ, ಐದು ವರ್ಷದ ಮಗು, ಏನು ಕೊಟ್ಟರೂ ತಿನ್ನುವ ಗಂಡ. ನೀವು ಬರೆದಿರುವುದು ನಮ್ಮ ಮನೆಯ ಕಥೆಯೇ. ನಾವು ಕುಕ್ಕರ್ ಹೊತ್ತುಕೊಂಡೇ ಹೋಗಿದ್ದೆವು. ತೊಂದರೆ ಶುರುವಾಗಿದ್ದು ಅಲ್ಲಿಂದಲೇ.

ಅವತ್ತು ಸಿಯೋಲ್‌ನ ಗ್ಯೊಂಗ್‌ಬೊಕ್‌ಗುಂಗ್ ಅರಮನೆ ನೋಡುವುದಿತ್ತು. ಬೆಳಿಗ್ಗೆ ರೂಮಿನಲ್ಲೇ ಅನ್ನ ಮಾಡಿ, ಪುಳಿಯೋಗರೆ ಗೊಜ್ಜು ಕಲಸಿ, ಎಲ್ಲರೂ ಹೊಟ್ಟೆ ತುಂಬಾ ತಿಂದು, ಪಾತ್ರೆಗಳನ್ನು ಬಾತ್‌ರೂಮಿನ ಸಿಂಕಿನಲ್ಲಿ ತೊಳೆದು ಹೊರಡುವ ಹೊತ್ತಿಗೆ 11 ದಾಟಿತ್ತು. ಮಧ್ಯಾಹ್ನ ಯಾರಿಗೂ ಹಸಿವಿಲ್ಲ. ಅರಮನೆಯ ಹತ್ತಿರ ನಾನೂ ಮಗಳೂ ಹಾನ್‌ಬೊಕ್, ಅಂದರೆ ಕೊರಿಯಾದ ಸಾಂಪ್ರದಾಯಿಕ ಉಡುಪು, ಬಾಡಿಗೆಗೆ ತಗೊಂಡೆವು. ಅದನ್ನು ಉಟ್ಟು ಹೋದವರಿಗೆ ಅಲ್ಲಿ ಟಿಕೆಟ್ ಬೇಕಿಲ್ಲ. ಅರಮನೆ ಬಾಗಿಲಲ್ಲಿ ಕಾವಲುಗಾರರು ಬದಲಾಗುವ ಕಾರ್ಯಕ್ರಮ ಬೆಳಿಗ್ಗೆ 10ಕ್ಕೆ ಒಂದು, ಮಧ್ಯಾಹ್ನ 2ಕ್ಕೆ ಒಂದು. ಬೆಳಗಿನದು ತಪ್ಪಿಹೋಗಿತ್ತಲ್ಲ, 2ರದ್ದಾದರೂ ನೋಡೋಣ ಅಂತ ಕಾದೆವು. ನಗಾರಿ, ಬಣ್ಣದ ಬಾವುಟ, ಮಗಳಿಗಂತೂ ಖುಷಿಯೋ ಖುಷಿ. ಅದು ಮುಗಿಸಿ, ಬಟ್ಟೆ ವಾಪಸ್ ಕೊಟ್ಟು, ಪಕ್ಕದ ಸಮ್‌ಚೊಂಗ್‌ದೊಂಗ್ ಬಡಾವಣೆಯ ಕಡೆಗೆ ನಡೆದೆವು. ಅಲ್ಲೊಂದು ಬಿಬಿಂಬಾಪ್ (ಅನ್ನದ ಮೇಲೆ ತರಕಾರಿ ಇಟ್ಟು ಕಲಸಿ ತಿನ್ನುವುದು) ಹೋಟೆಲನ್ನು ನಾನು ಮೊದಲೇ ಫೋನಿನಲ್ಲಿ ಗುರುತು ಹಾಕಿಟ್ಟಿದ್ದೆ.

ಅಪ್ಪನಿಗೆ ಸಕ್ಕರೆ ಕಾಯಿಲೆ. ಊಟಕ್ಕೆ ಸ್ವಲ್ಪ ಮುಂಚೆ ಮಾತ್ರೆ. "ಹೋಟೆಲ್ ಇಲ್ಲೇ ಇದೆ, ತಗೊಂಡುಬಿಡಿ" ಅಂತ ಹೇಳಿದವಳು ನಾನೇ. ಅವರು ನಡೆಯುತ್ತಲೇ ನುಂಗಿದರು.

ಹೋಟೆಲಿನ ಬಾಗಿಲು ತೆರೆದೇ ಇತ್ತು. ಒಳಗೆ ಕೆಲಸದವರು ಒಂದೇ ಮೇಜಿನ ಸುತ್ತ ಕೂತು ತಮ್ಮ ಊಟ ಮಾಡುತ್ತಿದ್ದರು. ಒಬ್ಬಾಕೆ ಎದ್ದು ಬಂದು, ತಲೆ ಬಗ್ಗಿಸಿ, ಐದು ಬೆರಳು ತೋರಿಸಿದರು. 5 ಗಂಟೆಗೆ ಬನ್ನಿ ಅಂತ. ಪಕ್ಕದ ಹೋಟೆಲಿಗೆ ಹೋದೆವು, ಅಲ್ಲೂ ಅದೇ. ಎದುರಿನದು, ಅದರ ಮೇಲಿನದು, ಎಲ್ಲ ಕಡೆ ಅದೇ ಬೋರ್ಡು. ಮೇಲಿನ ಬೀದಿಯಲ್ಲಿ ಏನಾದರೂ ಸಿಗಬಹುದು ಅಂತ ದಿಬ್ಬ ಹತ್ತಿದೆವು. ಅಪ್ಪ ಮಾತು ನಿಲ್ಲಿಸಿದ್ದು ಮೊದಲು ಅಮ್ಮನಿಗೆ ಗೊತ್ತಾಯಿತು. ತಿರುಗಿ ನೋಡಿದರೆ ಅವರು ಗೋಡೆ ಹಿಡಿದು ನಿಂತಿದ್ದರು. ಆ ಚಳಿಯಲ್ಲೂ ಅಂಗಿಯ ಕಾಲರ್ ಒದ್ದೆ. ಕೈ ನಡುಗುತ್ತಿತ್ತು. ಹೆಸರು ಹಿಡಿದು ಕರೆದರೂ ಉತ್ತರ ಬರಲು ಹೊತ್ತು ಹಿಡಿಯುತ್ತಿತ್ತು.

ಮೂಲೆಯಲ್ಲಿ ಒಂದು ಕನ್ವೀನಿಯನ್ಸ್ ಸ್ಟೋರ್ ಇದ್ದದ್ದು ನಮ್ಮ ಪುಣ್ಯ. ಗಂಡ ಓಡಿಹೋಗಿ ಬನಾನಾ ಮಿಲ್ಕ್ ತಂದರು. ಮಡಕೆ ಆಕಾರದ ಪುಟ್ಟ ಪ್ಲಾಸ್ಟಿಕ್ ಬಾಟಲಿ, ಕೊರಿಯಾದಲ್ಲಿ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ಸಿಹಿ ಜಾಸ್ತಿ. ಅಂಗಡಿಯಾಕೆ ಕೌಂಟರ್ ಬಿಟ್ಟು ಬಂದು ತಮ್ಮ ಸ್ಟೂಲನ್ನೇ ಹೊರಗಿಟ್ಟರು. ಅಪ್ಪ ಅದರ ಮೇಲೆ ಕೂತು ಸ್ಟ್ರಾದಲ್ಲಿ ನಿಧಾನಕ್ಕೆ ಕುಡಿದರು. ಸ್ವಲ್ಪ ಹೊತ್ತಿಗೆ ಮುಖಕ್ಕೆ ಬಣ್ಣ ಬಂತು. ಆ ಹೆಂಗಸಿಗೆ ನಾನು ಸರಿಯಾಗಿ ಥ್ಯಾಂಕ್ಸ್ ಕೂಡ ಹೇಳಲಿಲ್ಲ, ಅಳು ಬರುತ್ತಿತ್ತು.

ಎಲ್ಲಿ ಎಡವಿದೆ ಅಂತ ಬಿಡಿಸಿ ಹೇಳುತ್ತೇನೆ. ನಿಮ್ಮ ಮನೆಯಲ್ಲೂ ಸಕ್ಕರೆ ಕಾಯಿಲೆಯವರು ಇರಬಹುದು. ನಮ್ಮೂರಲ್ಲಿ ಮೂರೂವರೆಗೆ ಹಸಿವಾದರೂ ಯಾವುದೋ ದರ್ಶಿನಿಯಲ್ಲಿ ಇಡ್ಲಿಯೋ ರೈಸ್ ಬಾತೋ ಇದ್ದೇ ಇರುತ್ತದೆ. ಊಟದ ಹೊತ್ತು ನಮ್ಮ ಕೈಯಲ್ಲಿದೆ ಅನ್ನುವ ಅಭ್ಯಾಸ. ಕೊರಿಯಾದಲ್ಲಿ ಕೂತು ಉಣ್ಣುವ ಹೋಟೆಲ್‌ಗಳಲ್ಲಿ ಬಹಳಷ್ಟು ಮಧ್ಯಾಹ್ನ 3ರಿಂದ 5ರವರೆಗೆ ಅಡುಗೆ ನಿಲ್ಲಿಸುತ್ತವೆ. ರಾತ್ರಿಯ ತಯಾರಿ, ಕೆಲಸದವರ ಊಟ, ವಿಶ್ರಾಂತಿ ಎಲ್ಲ ಆಗಲೇ. 'ಬ್ರೇಕ್ ಟೈಮ್' ಅಂತಲೇ ಕರೆಯುತ್ತಾರೆ. ಕೊನೆಯ ಆರ್ಡರ್ ಅದಕ್ಕೂ ಅರ್ಧ ಗಂಟೆ ಮುಂಚೆಯೇ ನಿಲ್ಲುವುದುಂಟು. ಇಲ್ಲಿ ಬಳಸುವ ಮ್ಯಾಪನ್ನೇ ಅಲ್ಲೂ ನೋಡಿದ್ದೆ, ಅದರಲ್ಲಿ 'ಓಪನ್' ಅಂತಿತ್ತು, ನಂಬಿದೆ. ಅಲ್ಲಿಯವರು ಬಳಸುವ ನೇವರ್ ಮ್ಯಾಪ್ ಹಾಕಿಕೊಂಡಿದ್ದರೆ ಬ್ರೇಕ್ ಟೈಮ್ ಅದರಲ್ಲೇ ಕಾಣುತ್ತಿತ್ತು. ಇನ್ನೊಂದು, ಅಲ್ಲಿಯ ಹೋಟೆಲ್‌ಗಳು ಸಾಮಾನ್ಯವಾಗಿ ಒಂದೆರಡು ಅಡುಗೆಗೇ ಹೆಸರುವಾಸಿ. ಸೂಪಿನದಕ್ಕೆ ಸೂಪು, ನೂಡಲ್ಸಿನದಕ್ಕೆ ನೂಡಲ್ಸು. "ಎಲ್ಲಾದರೂ ಹೋಗೋಣ, ಏನಾದರೂ ಇರುತ್ತೆ" ಅನ್ನುವುದು ಅಲ್ಲಿ ನಡೆಯುವುದಿಲ್ಲ. ರೂಮಿನಲ್ಲಿ ಅಡುಗೆ ಮಾಡಿದ್ದಕ್ಕೆ ಬೆಳಗಿನ ತಿಂಡಿ ತಡವಾಯಿತು, ತಿಂಡಿ ತಡವಾಗಿದ್ದಕ್ಕೆ ಊಟ ತಡವಾಯಿತು, ಊಟ ತಡವಾಗಿದ್ದಕ್ಕೆ ನೇರ ಬ್ರೇಕ್ ಟೈಮಿಗೆ ಸಿಕ್ಕಿಕೊಂಡೆವು. ಅದರ ಮೇಲೆ ಮಾತ್ರೆ ಬೇರೆ, ಊಟವಿಲ್ಲದೆ ಅಪ್ಪನ ಸಕ್ಕರೆ ತೀರಾ ಇಳಿದುಬಿಟ್ಟಿತ್ತು. ಈಗ ನಮ್ಮ ಮನೆಯಲ್ಲಿ ತಟ್ಟೆ ಮೇಜಿಗೆ ಬಂದ ಮೇಲೆಯೇ ಮಾತ್ರೆಯ ಡಬ್ಬಿ ತೆಗೆಯುವುದು. ನೀವೂ ಪ್ರಯಾಣಕ್ಕೆ ಮುಂಚೆ ಡಾಕ್ಟರನ್ನು ಕೇಳಿಕೊಂಡೇ ಹೋಗಿ.

ಅದಕ್ಕೇ ಹೇಳುತ್ತಿರುವುದು, ಹೋಟೆಲ್ ಹುಡುಕುವ ಮೊದಲು ಹೊತ್ತು ನೋಡಿ. 11:30ಕ್ಕೆ ಊಟಕ್ಕೆ ಕೂತುಬಿಡಿ. 12 ಆದರೆ ಆಫೀಸುಗಳು ಖಾಲಿಯಾಗಿ ಸಾಲು ನಿಲ್ಲುತ್ತದೆ, ಐದು ಜನಕ್ಕೆ ಒಟ್ಟಿಗೆ ಜಾಗ ಸಿಗುವುದಿಲ್ಲ. ಸಂಜೆ 5:30ಕ್ಕೆ ಹೋದರೆ ಆಗಷ್ಟೇ ತೆರೆದ ಹೋಟೆಲ್, ಮಗು ಗಲಾಟೆ ಮಾಡಿದರೂ ಯಾರೂ ಬೇಜಾರು ಮಾಡಿಕೊಳ್ಳಲ್ಲ. ಹೊತ್ತು ಮೀರಿತು ಅಂತ ಅನ್ನಿಸಿದರೆ ಡಿಪಾರ್ಟ್‌ಮೆಂಟ್ ಸ್ಟೋರ್‌ಗಳ ನೆಲಮಾಳಿಗೆಗೆ ಹೋಗಿ. ಲೊಟ್ಟೆ, ಶಿನ್‌ಸೆಗೆ, ಹ್ಯುಂಡೈ, ಎಲ್ಲದರ ಕೆಳಗೂ ದೊಡ್ಡ ಊಟದ ವಿಭಾಗ ಇರುತ್ತದೆ. ಮಧ್ಯಾಹ್ನವೂ ಏನಾದರೂ ಸಿಗುತ್ತದೆ, ಕುರ್ಚಿ ಇರುತ್ತದೆ, ಲಿಫ್ಟ್ ಇರುತ್ತದೆ, ಶೌಚಾಲಯ ಶುಚಿ. ವಯಸ್ಸಾದವರಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಹಳೇ ಹೋಟೆಲ್‌ಗಳಲ್ಲಿ ಚಪ್ಪಲಿ ಬಿಟ್ಟು ನೆಲದ ಮೇಲೆ ಕೂರಬೇಕಾಗುತ್ತದೆ. ಮಂಡಿ ನೋವಿದ್ದರೆ ಬಾಗಿಲಲ್ಲೇ ಕುರ್ಚಿ ಇದೆಯಾ ಅಂತ ನೋಡಿ.

ಇನ್ನು ಸಸ್ಯಾಹಾರ. ಕೊರಿಯಾದಲ್ಲಿ ಸಸ್ಯಾಹಾರಿಗಳಿಗೆ ಏನೂ ಸಿಗಲ್ಲ ಅನ್ನುವವರ ಮಾತು ಕೇಳಬೇಡಿ. ಎಲ್ಲ ಸಿಗುತ್ತೆ ಬಿಡಿ ಅನ್ನುವವರ ಮಾತನ್ನೂ ಕೇಳಬೇಡಿ. ಅಲ್ಲಿಯ ಖಾರದ ಎಲೆಕೋಸಿನ ಉಪ್ಪಿನಕಾಯಿ ಕಿಮ್ಚಿಗೆ ಸಾಮಾನ್ಯವಾಗಿ ಉಪ್ಪು ಹಾಕಿದ ಸೀಗಡಿ ಅಥವಾ ಮೀನಿನ ರಸ ಬಿದ್ದಿರುತ್ತದೆ. ತರಕಾರಿ ಸಾರಿನಂತೆ ಕಾಣುವ, ಹುದುಗಿಸಿದ ಸೋಯಾದ ದ್ವೆಂಜಾಂಗ್ ಜಿಗೆಯ ನೀರು ಬಹುಪಾಲು ಒಣ ಮೀನು ಕುದಿಸಿದ್ದು. ಗ್ವಾಂಗ್‌ಜಾಂಗ್ ಮಾರ್ಕೆಟ್‌ನಲ್ಲಿ ಹೆಸರುಬೇಳೆ ನೆನೆಸಿ ರುಬ್ಬಿ ಕಾವಲಿ ಮೇಲೆ ಹುಯ್ಯುವ ಬಿಂದೆತೊಕ್ ನೋಡಿ ಅಮ್ಮನ ಕಣ್ಣು ಅರಳಿತು, ಆದರೆ ಅದರಲ್ಲೂ ಹಂದಿ ಮಾಂಸ ಸೇರಿಸುವುದು ಮಾಮೂಲು, ಕೇಳದೆ ಕೊಳ್ಳಬೇಡಿ. ಮಾಂಸ, ಮೀನು, ಸೀಗಡಿ, ಮೀನಿನ ಸಾರು, ಮೊಟ್ಟೆ ಬೇಡ ಅಂತ ಒಂದೊಂದನ್ನೂ ಬಿಡಿಬಿಡಿಯಾಗಿ ಕೊರಿಯನ್‌ನಲ್ಲಿ ಬರೆಸಿ ಫೋನಿನಲ್ಲಿ ಇಟ್ಟುಕೊಂಡು, ಆರ್ಡರ್ ಕೊಡುವ ಮುಂಚೆ ತೋರಿಸಿ. ಓದಿ, ಅಡುಗೆಮನೆಗೆ ಹೋಗಿ ಕೇಳಿಕೊಂಡು ಬಂದು ಹೇಳುವವರೇ ಜಾಸ್ತಿ.

ಅಮ್ಮ ಮನಸಾರೆ ಊಟ ಮಾಡಿದ್ದು ದೋಲ್‌ಸೊತ್ ಬಿಬಿಂಬಾಪ್. ಕಾದ ಕಲ್ಲಿನ ಬಟ್ಟಲು ಚುರ್ ಅನ್ನುತ್ತಾ ಬರುತ್ತದೆ. ಅನ್ನದ ಮೇಲೆ ಪಾಲಕ್, ಮೊಳಕೆ ಕಾಳು, ಕ್ಯಾರೆಟ್, ಅಣಬೆ, ಒಂದೊಂದೂ ಒಂದೊಂದು ಮೂಲೆಯಲ್ಲಿ. ಮಾಂಸ, ಮೊಟ್ಟೆ ಬಿಡಿಸಿದ್ದೆವು. ಮೆಣಸಿನ ಕೆಂಪು ಖಾರದ ಪೇಸ್ಟ್ ಗೊಚುಜಾಂಗ್ ಬಗ್ಗೆಯೂ ಕೇಳಿ, ಕೆಲವು ಕಡೆ ಅದನ್ನು ದನದ ಕೈಮದ ಜೊತೆ ಹುರಿದಿರುತ್ತಾರೆ. ಅದರ ಬದಲು ಎಳ್ಳೆಣ್ಣೆ, ಮನೆಯಿಂದ ಒಯ್ದ ಚಟ್ನಿಪುಡಿ ಹಾಕಿ ಕಲಸಿದರು. ಕೊನೆಗೆ ನಮ್ಮ ಮನೆಯ ಪಾತ್ರೆಯಲ್ಲಿ ಕೆರೆದು ತಿನ್ನುವ ಹಾಗೆ ತಳ ಹಿಡಿದ ಗರಿಗರಿ ಅನ್ನವನ್ನು ಸ್ಪೂನಿನಿಂದ ಕೆರೆದು ಮಗಳ ಬಾಯಿಗಿಟ್ಟರು. ಪಕ್ಕದ ತಟ್ಟೆಗಳಲ್ಲಿ ಬರುವ ಬಾಂಚಾನ್‌ಗೆ ಬೇರೆ ದುಡ್ಡಿಲ್ಲ, ಮತ್ತೆ ಕೇಳಿದರೆ ಮತ್ತೆ ಕೊಡುತ್ತಾರೆ. ಸಂಕೋಚ ಬೇಡ. ಟಿಪ್ಸ್ ಕೊಡುವ ಪದ್ಧತಿ ಇಲ್ಲ.

ಒಂದು ಊಟಕ್ಕೆ ಮಾತ್ರ ದುಡ್ಡಿನ ಮುಖ ನೋಡಬೇಡಿ. ಸಿಯೋಲ್‌ನ ಜೋಗ್ಯೆಸಾ ಬೌದ್ಧ ದೇವಸ್ಥಾನದ ಎದುರಿಗೆ ಬಾಲುಗೊಂಗ್ಯಾಂಗ್ ಅಂತ ಒಂದು ಜಾಗ ಇದೆ, ಜೋಗ್ಯೆ ಬೌದ್ಧ ಪಂಥದವರು ನಡೆಸುವುದು. ಮಠದ ಅಡುಗೆ. ಮಾಂಸ, ಮೀನು ಇಲ್ಲ ಸರಿ, ಬೆಳ್ಳುಳ್ಳಿ, ಈರುಳ್ಳಿಯೂ ಇಲ್ಲ. ಅವರು ಬಿಡುವ ಐದು ಘಾಟಿನ ಪದಾರ್ಥಗಳಲ್ಲಿ ಇಂಗೂ ಇದೆ ಅಂತ ಕೇಳಿ ಅಮ್ಮ ಬೆರಗಾದರು. ಅಮ್ಮ ಯಾವುದನ್ನೂ ಕೆದಕಿ ನೋಡದೆ, ಯಾರನ್ನೂ ಕೇಳದೆ ತಿಂದ ಊಟ ಅದು. ಮುಂಚೆಯೇ ಬುಕ್ ಮಾಡಬೇಕು. ಮಧ್ಯಾಹ್ನದ್ದೇ ತಗೊಳ್ಳಿ, ಒಂದಾದ ಮೇಲೊಂದು ಬರುವ ಊಟ, ಮುಗಿಯಲು ಹೊತ್ತಾಗುತ್ತದೆ.

ಕುಕ್ಕರಿನ ಬದಲು ಏನು ಅಂದರೆ, ಸಿಯು, ಜಿಎಸ್25 ತರಹದ ಕನ್ವೀನಿಯನ್ಸ್ ಸ್ಟೋರ್‌ಗಳಲ್ಲಿ ಹೆತ್‌ಬಾನ್ ಅಂತ ಬೆಂದ ಅನ್ನದ ಡಬ್ಬಿ ಸಿಗುತ್ತದೆ. ಅಲ್ಲೇ ಇರುವ ಮೈಕ್ರೋವೇವ್‌ನಲ್ಲಿ ಎರಡು ನಿಮಿಷ ಇಟ್ಟರೆ ಬಿಸಿ ಅನ್ನ. ಸಕ್ಕರೆ ಹಾಕದ ಮೊಸರು ಹುಡುಕಿಕೊಳ್ಳಿ, 'ಪ್ಲೇನ್' ಅಂತ ಬರೆದದ್ದರಲ್ಲೂ ಸಿಹಿ ಇರುವುದುಂಟು, ಡಬ್ಬಿಯ ಹಿಂದೆ ಓದಿ. ಉಪ್ಪಿನಕಾಯಿ, ಚಟ್ನಿಪುಡಿ ಬ್ಯಾಗಿನಲ್ಲಿದ್ದರೆ ಸಾಕು. ಹಸಿ ಕರಿಬೇವು, ಹಣ್ಣು ಒಯ್ಯಬೇಡಿ, ಏರ್‌ಪೋರ್ಟಿನಲ್ಲಿ ಬಿಡುವುದಿಲ್ಲ. ಕಡಲಕಳೆಯಲ್ಲಿ ಸುತ್ತಿದ ಅನ್ನ, ಮೂರು ಮೂಲೆಯ ಕಿಂಬಾಪ್‌ನಲ್ಲಿ ಹೆಚ್ಚಾಗಿ ಟ್ಯೂನಾ ಇರುತ್ತದೆ, ಅಮ್ಮನ ಕೈಗೆ ಕೊಡಬೇಡಿ.

ಮಗುವಿನ ಬಗ್ಗೆ ಚಿಂತೆ ಬೇಡ. ಅನ್ನ ಮತ್ತು ಹುರಿದ ಕಡಲಕಳೆಯ ಹಾಳೆ ಕೊಟ್ಟರೆ ಮಕ್ಕಳು ಸದ್ದಿಲ್ಲದೆ ತಿನ್ನುತ್ತಾರೆ. ಕೆಲವು ಕೆಫೆಗಳಲ್ಲಿ 'ನೋ ಕಿಡ್ಸ್ ಜೋನ್', ಅಂದರೆ ಮಕ್ಕಳಿಗೆ ಪ್ರವೇಶವಿಲ್ಲ ಅಂತ ಬೋರ್ಡು ಕಾಣುತ್ತದೆ. ಇದು ತಾರತಮ್ಯ ಅಂತ ಅಲ್ಲಿನ ಮಾನವ ಹಕ್ಕುಗಳ ಆಯೋಗವೇ 2017ರಲ್ಲಿ ಹೇಳಿದೆ, ಆದರೂ ಬೋರ್ಡುಗಳು ಹೋಗಿಲ್ಲ. ನನಗೆ ಅದು ಸರಿ ಕಾಣಲ್ಲ, ಆದರೆ ಹಸಿದ ಮಗುವನ್ನು ಕಟ್ಟಿಕೊಂಡು ಬಾಗಿಲಲ್ಲಿ ವಾದ ಮಾಡಬೇಡಿ, ಮುಂದಿನದಕ್ಕೆ ನಡೆಯಿರಿ.

ನಿಮ್ಮ ಗಂಡನಿಗೆ ಬಾರ್ಬೆಕ್ಯೂ ಆಸೆ ಅಂತ ಬರೆದಿದ್ದೀರಿ. ಅದಕ್ಕೆ ಅಪ್ಪ-ಅಮ್ಮನನ್ನು ಎಳೆದುಕೊಂಡು ಹೋಗಬೇಡಿ. ಮೇಜಿನ ಮಧ್ಯದಲ್ಲೇ ಮಾಂಸ ಸುಡುತ್ತಾರೆ, ಹೊಗೆ ಮುಖಕ್ಕೆ ಬರುತ್ತದೆ, ಸಸ್ಯಾಹಾರಿಗಳಿಗೆ ಲೆಟ್ಯೂಸ್ ಎಲೆ ಬಿಟ್ಟರೆ ಏನೂ ಇಲ್ಲ. ಅವರಿಗೆ 6 ಗಂಟೆಗೆ ರೂಮಿನಲ್ಲಿ ಬಿಸಿ ಮೊಸರನ್ನ ಕಲಸಿಕೊಟ್ಟು, ನೀವಿಬ್ಬರೂ ಮಗುವಿನ ಜೊತೆ ಹೋಗಿಬನ್ನಿ. ಆ ಹೋಟೆಲ್‌ಗಳಲ್ಲಿ ಕಡಿಮೆಯೆಂದರೆ ಎರಡು ಜನರ ಪಾಲು ಆರ್ಡರ್ ಮಾಡಬೇಕು ಅನ್ನುವ ನಿಯಮ ಸಾಮಾನ್ಯ, ನಿಮ್ಮಿಬ್ಬರಿಗೆ ಅದು ಸರಿಹೋಗುತ್ತದೆ.