50 ಲಕ್ಷ ಸಲ ಟೆಸ್ಟ್ ಆದ ಹಲ್ಲು ವರ್ಷಕ್ಕೇ ಅಲುಗಾಡಿದ್ದೇಕೆ?

ಪ್ರಶ್ನೆ: ನಮ್ಮ ತಂದೆಗೆ 62 ವರ್ಷ. ಹೋದ ವರ್ಷ ಕೆಳಗಿನ ದವಡೆಗೆ ಒಂದು ಇಂಪ್ಲಾಂಟ್ (ಮೂಳೆಯೊಳಗೆ ಕೂರಿಸುವ ಕೃತಕ ಹಲ್ಲಿನ ಬೇರು) ಹಾಕಿಸಿದೆವು. ‘ಲ್ಯಾಬಿನಲ್ಲಿ 50 ಲಕ್ಷ ಸಲ ಟೆಸ್ಟ್ ಮಾಡಿರೋದು, ಜೀವನಪೂರ್ತಿ ಚಿಂತೆ ಇಲ್ಲ’ ಅಂತ ಕ್ಲಿನಿಕ್ಕಿನವರು ಅಂದಿದ್ದರು. ಈಗ ಅದರ ಮೇಲಿನ ಹಲ್ಲಿನ ಕ್ಯಾಪ್ ಅಲುಗಾಡುತ್ತಿದೆ. ಮನೆಯಲ್ಲಿ ದಿನಾ ಕಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ. ಬಿಡಿ ಅಂದರೆ ಅವರು ಕೇಳಲ್ಲ. ಆ ಟೆಸ್ಟ್ ಸುಳ್ಳಾ? ಈ ಸಲ ಜಿರ್ಕೋನಿಯಾ (ಬಿಳಿ ಗಟ್ಟಿ ಸೆರಾಮಿಕ್) ಹಾಕಿಸಬೇಕಾ?
– ಓದುಗರೊಬ್ಬರು, ಸಿಂಧನೂರು

ಉತ್ತರ: ಟೆಸ್ಟ್ ಸುಳ್ಳಲ್ಲ, ನಿಮಗೆ ಅದನ್ನು ಹೇಳಿದ ರೀತಿ ತಪ್ಪು.

ಅವರು ಹೇಳಿದ್ದು ಬಹುಶಃ ಐಎಸ್‌ಒ 14801 ಅನ್ನೋ ಅಂತರರಾಷ್ಟ್ರೀಯ ಮಾನದಂಡದ ಪರೀಕ್ಷೆ. ಇಂಪ್ಲಾಂಟನ್ನು 30 ಡಿಗ್ರಿ ಓರೆಯಾಗಿ ಗಟ್ಟಿಯಾಗಿ ಹಿಡಿಸಿ ನಿಲ್ಲಿಸುತ್ತಾರೆ. ಸುತ್ತಲ ಮೂಳೆ 3 ಮಿಲಿಮೀಟರ್ ಕರಗಿದೆ ಅಂದುಕೊಂಡು ಅಷ್ಟು ಭಾಗ ಹೊರಗೇ ಬಿಡುತ್ತಾರೆ. ಅದರ ಮೇಲೆ ಅಬಟ್ಮೆಂಟ್ (ಇಂಪ್ಲಾಂಟಿಗೂ ಕ್ಯಾಪಿಗೂ ನಡುವಿನ ತುಂಡು) ಕೂರಿಸಿ ಸ್ಕ್ರೂ ಬಿಗಿದು, ಮಷೀನಿನಿಂದ ಒತ್ತುತ್ತಾ ಹೋಗುತ್ತಾರೆ, ಸೆಕೆಂಡಿಗೆ 15 ಸಲದವರೆಗೂ. ಆ ವೇಗದಲ್ಲಿ 50 ಲಕ್ಷ ಮುಗಿಯೋಕೆ ನಾಲ್ಕು ದಿನವೂ ಬೇಡ! 37 ಡಿಗ್ರಿ ಉಪ್ಪುನೀರಿನಲ್ಲಿ ಮಾಡಿದರೆ ಸೆಕೆಂಡಿಗೆ ಎರಡೇ ಸಲ, ಒಟ್ಟು 20 ಲಕ್ಷ ಸಾಕು. ಎಷ್ಟು ಭಾರದವರೆಗೆ ಮುರಿಯದೆ ನಿಲ್ಲುತ್ತದೆ ಅನ್ನೋದೇ ಸಿಗುವ ಉತ್ತರ. ಎಷ್ಟು ವರ್ಷ ಬಾಳುತ್ತದೆ ಅನ್ನೋದು ಇದರಲ್ಲಿ ಗೊತ್ತಾಗಲ್ಲ.

ಇನ್ನೊಂದು ವಿಷಯ ಯಾರೂ ಹೇಳಲ್ಲ. ಈ ಪರೀಕ್ಷೆಯಲ್ಲಿ ನಿಮ್ಮ ಕ್ಯಾಪ್ ಇರೋದೇ ಇಲ್ಲ, ಅದರ ಜಾಗದಲ್ಲಿ ಅರ್ಧ ಗೋಲಿಯಂಥ ಟೋಪಿ ಇಟ್ಟು ಒತ್ತುತ್ತಾರೆ. ಕ್ಯಾಪಿಗೆ ಬೇರೆ ಪರೀಕ್ಷೆ ಇದೆ: ಅಗಿಯುವ ಮಷೀನಿನಲ್ಲಿಟ್ಟು, 5 ಡಿಗ್ರಿ ತಣ್ಣೀರು, 55 ಡಿಗ್ರಿ ಬಿಸಿನೀರು ಸರದಿ ಮೇಲೆ ಹಾಯಿಸುತ್ತಾರೆ. ಅಲ್ಲಿ 12 ಲಕ್ಷ ಸಲ ಅಗಿದರೆ ಸುಮಾರು ಐದು ವರ್ಷ ಅಂತ ಲೆಕ್ಕ ಹಿಡಿಯುವ ರೂಢಿ. ಅದೂ ಅಂದಾಜೇ. ಎರಡು ಕಂಪನಿಯ ಮಾಲು ಹೋಲಿಸೋಕೆ ಇವೆಲ್ಲ ಚೆನ್ನಾಗಿವೆ, ಗ್ಯಾರಂಟಿ ಕಾರ್ಡ್ ಥರ ತೋರಿಸೋಕೆ ಅಲ್ಲ.

ಈಗ ನಿಮ್ಮ ತಂದೆಯವರ ಹಲ್ಲಿನ ವಿಷಯ. ಮೊದಲು ಎಕ್ಸ್‌ರೇ ತೆಗೆಸಿ. ಮೂಳೆಯೊಳಗಿನ ಇಂಪ್ಲಾಂಟೇ ಅಲುಗಾಡುತ್ತಿದ್ದರೆ ಅದು ಬೇರೆ ಕಥೆ, ತೆಗೆಯಬೇಕಾದೀತು. ಹೆಚ್ಚಾಗಿ ಸಡಿಲಾಗೋದು ಒಳಗಿನ ಸಣ್ಣ ಸ್ಕ್ರೂ. ಬಿಗಿದಾಗ ಆ ಸ್ಕ್ರೂ ಕೂದಲೆಳೆಯಷ್ಟೂ ಕಾಣದ ಹಾಗೆ ಎಳೆದುಕೊಳ್ಳುತ್ತದೆ, ಆ ಎಳೆತವೇ ಇಂಪ್ಲಾಂಟ್, ಅಬಟ್ಮೆಂಟ್ ಎರಡನ್ನೂ ಹಿಡಿದಿಡೋದು. ಲೋಹದ ಒರಟು ಮೈ ಸ್ವಲ್ಪ ಕೂತುಕೊಂಡ ಮೇಲೆ ಬಿಗಿ ಇಳಿಯುತ್ತದೆ. ಅದಕ್ಕೇ ಬಿಗಿತ ಅಳೆಯುವ ಟಾರ್ಕ್ ವ್ರೆಂಚಿನಲ್ಲಿ ಕಂಪನಿ ಹೇಳಿದಷ್ಟೇ (ಹೆಚ್ಚಾಗಿ 25ರಿಂದ 35 ನ್ಯೂಟನ್ ಸೆಂಟಿಮೀಟರ್) ಬಿಗಿದು, ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ ಬಿಗಿಯಬೇಕು. ಎಷ್ಟೋ ಕಡೆ ಕೈ ಅಂದಾಜಿನಲ್ಲೇ ತಿರುಗಿಸಿ ಕಳಿಸುತ್ತಾರೆ. ಅಬಟ್ಮೆಂಟ್ ಇಂಪ್ಲಾಂಟಿನದೇ ಕಂಪನಿಯದಾ ಅಂತಲೂ ಕೇಳಿ, ಕಂಪನಿ ಹೆಸರಿನ ಸ್ಟಿಕ್ಕರ್ ಇದ್ದರೆ ಇಸ್ಕೊಂಡು ಇಟ್ಟುಕೊಳ್ಳಿ. ಅಗ್ಗದ ಬೇರೆ ಮಾಲು ಸರಿಯಾಗಿ ಕೂರದೆ ಸ್ಕ್ರೂ ಸಡಿಲಾಗೋದುಂಟು.

ಜಿರ್ಕೋನಿಯಾ ಕೇಳಿದ್ದೀರಿ. ಕ್ಯಾಪ್ ಪೂರ್ತಿ ಜಿರ್ಕೋನಿಯಾದ್ದಾದರೆ ಒಳ್ಳೆಯದೇ, ಮೇಲೆ ಪಿಂಗಾಣಿ ಪದರ ಇಲ್ಲದ್ದರಿಂದ ಚಕ್ಕೆ ಏಳುವ ಭಯ ಕಮ್ಮಿ. ಆದರೆ ದವಡೆ ಹಲ್ಲಿಗೆ ಅಬಟ್ಮೆಂಟ್ ಮಾತ್ರ ಟೈಟಾನಿಯಂ ಇರಲಿ, ಇಲ್ಲವೇ ಕೆಳಗೆ ಟೈಟಾನಿಯಂ ಬೇಸ್ ಇರೋದನ್ನು ಹಾಕಿಸಿ. ಜಿರ್ಕೋನಿಯಾ ನೇರವಾಗಿ ಇಂಪ್ಲಾಂಟಿನ ಒಳಮೈಗೆ ಉಜ್ಜಿದರೆ ಸವೆಯೋದು ಇಂಪ್ಲಾಂಟಿನ ಟೈಟಾನಿಯಮ್ಮೇ. ಅಂದ ಹಾಗೆ, ಸ್ಕ್ರೂ ಸಡಿಲಾಗಿದ್ದರೆ ಇದ್ಯಾವುದೂ ಬದಲಿಸೋ ಅಗತ್ಯ ಬರದೇ ಇರಬಹುದು.

ರೊಟ್ಟಿ ಬಿಡಬೇಕಿಲ್ಲ. ಸದ್ಯಕ್ಕೆ ಇನ್ನೊಂದು ಕಡೆ ಅಗಿಯಲಿ, ಪಲ್ಯದಲ್ಲಿ ನೆನೆಸಿ ತಿನ್ನಲಿ. ಸಡಿಲ ಸ್ಕ್ರೂ ಮೇಲೆ ಅಗಿಯುತ್ತಾ ಹೋದರೆ ಅದು ಒಳಗೇ ಮುರಿಯಬಹುದು, ಆಮೇಲೆ ತೆಗೆಯೋದು ಭಾಳ ಕಷ್ಟ. ಗೋಟಡಿಕೆ ಕಡಿಯುವ ಅಭ್ಯಾಸ ಇದ್ದರೆ ಅದನ್ನು ಬಿಡಿಸಿ. ರಾತ್ರಿ ನಿದ್ದೆಯಲ್ಲಿ ಹಲ್ಲು ಕಡೀತಾರಾ ಅಂತ ನಿಮ್ಮ ತಾಯಿಯವರನ್ನು ಕೇಳಿ, ಹೌದು ಅಂದರೆ ಮಲಗುವಾಗ ಹಾಕಿಕೊಳ್ಳೋ ಗಾರ್ಡ್ ಮಾಡಿಸಿ.